‘ಆರಾಮ ಅದೀನ್ರಿ’ ಎಂದ ತಪ್ಪಿಗೆ

ನಾನು ಮೊದಲಿನಿಂದಲೂ ಅಂಜುಬುರುಕ. ಸೂಜಿ ಕಂಡರೆ ಮುಖ ತಿರುಗಿಸುವವನು. ಡಾಕ್ಟರ ಮೇಜಿನ ಮೇಲೆ ಲಕೋಟೆ ಕಂಡರೆ ಅದರೊಳಗೆ ನನ್ನ ಸಾವೇ ಇದೆ ಎಂದು ನಂಬುವವನು. ಕಾಯಿಲೆಯನ್ನು ಎದೆಗೊಟ್ಟು ಎದುರಿಸಿದವರ ಕಥೆಗಳನ್ನು ಓದಿದಾಗಲೆಲ್ಲ ನನಗೆ ಸಮಾಧಾನವಾದದ್ದಕ್ಕಿಂತ ನಾಚಿಕೆಯಾದದ್ದೇ ಹೆಚ್ಚು. ಹಾಗಾಗಿ ಇದು ಹೆದರಿದವನೊಬ್ಬನ ಕಥೆ. ಹೆದರಿಕೊಂಡೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವ ಇನ್ನೊಬ್ಬರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಗದಗಿನ ಹತ್ತಿರದ ಹಳ್ಳಿಯಿಂದ ನಾನು ಬೆಂಗಳೂರಿಗೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಯಶವಂತಪುರ ದಾಟಿ ತುಮಕೂರು ರಸ್ತೆಗೆ ಹೊರಳಿದರೆ ಸಿಗುವ ಒಂದು ಎರಕದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅದರ ಹೆಸರು ಬೇಡ, ಅಲ್ಲಿ ನನ್ನ ಗೆಳೆಯರು ಈಗಲೂ ದುಡಿಯುತ್ತಿದ್ದಾರೆ, ನಾನೂ ದುಡಿಯುತ್ತಿದ್ದೇನೆ. ಮತ್ತಿಕೆರೆಯ ಒಂದು ವಠಾರದಲ್ಲಿ ಎರಡು ಕೋಣೆಯ ಮನೆ. ಊರಿನಿಂದ ನೀಲಾಳನ್ನು ಮದುವೆಯಾಗಿ ಕರೆತಂದೆ, ಮಗಳು ಗೀತಾ ಹುಟ್ಟಿದಳು. ಬೀಸಿದ ಜೋಳದ ಹಿಟ್ಟು ಮಾತ್ರ ಊರಿನಿಂದಲೇ ಬರುತ್ತಿತ್ತು.

ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದು ತೆಗೆದ ಮೇಲೆ ಅದರ ಮೈಗೆ ಮರಳೂ ಕರಿಯೂ ಕಚ್ಚಿಕೊಂಡಿರುತ್ತದೆ. ಅದನ್ನು ಬಿಡಿಸಲು ಒಂದು ಮುಚ್ಚಿದ ಕೋಣೆಯೊಳಗೆ ನಿಂತು, ಗಾಳಿಯ ಪೈಪಿನಿಂದ ರಭಸವಾಗಿ ಮರಳು ಹೊಡೆಯಬೇಕು. ನಾವು ಅದನ್ನು ಮರಳು ರೂಮು ಎನ್ನುತ್ತಿದ್ದೆವು. ತಲೆಗೆ ಗಾಜಿನ ಕಿಂಡಿಯಿದ್ದ ಕ್ಯಾನ್‌ವಾಸ್ ಮುಸುಕು. ಮೂಗಿಗೆ ನೀಲಾ ಹರಿದು ಕೊಟ್ಟ ಹಳೇ ಸೀರೆಯ ತುಂಡು. ಪೈಪು ತೆರೆದ ಮೇಲೆ ನಮ್ಮ ಕೈ ನಮಗೇ ಕಾಣುತ್ತಿರಲಿಲ್ಲ. ಹೊರಗೆ ಬಂದರೆ ರೆಪ್ಪೆ, ಮೀಸೆ, ಕಿವಿಯ ಒಳಗೆಲ್ಲ ಬಿಳಿ. ಕ್ಯಾಂಟೀನಿನಲ್ಲಿ ‘ಮದುಮಗ ಬಂದ, ಪೌಡರ್ ನೋಡ್ರಪ್ಪಾ’ ಎಂದು ಛೇಡಿಸುತ್ತಿದ್ದರು. ನಾವೂ ನಗುತ್ತಿದ್ದೆವು. ಹೀಗೆ ಎಂಟು ವರ್ಷ ನಗುತ್ತಾ ಕಳೆದೆವು.

ಆ ರೂಮಿನಲ್ಲಿ ನನಗೆ ಕೆಲಸ ಕಲಿಸಿದವನು ಮಾಕಳಿಯ ಮುನಿಯಪ್ಪಣ್ಣ. ನನಗಿಂತ ಹತ್ತು ವರ್ಷ ದೊಡ್ಡವನು, ಒಂದು ಕಾಲದಲ್ಲಿ ಊರಿನ ಗರಡಿಯಲ್ಲಿ ಕುಸ್ತಿ ಮಾಡಿದವನು. ಮೊದಲು ಅವನಿಗೆ ಕೆಮ್ಮು ಬಂತು, ಆಮೇಲೆ ಮೈ ಇಳಿಯಿತು. ಡಿಸ್ಪೆನ್ಸರಿಯಲ್ಲಿ ಟಿ.ಬಿ. ಎಂದರು. ಇಂಜೆಕ್ಷನ್ನು ಹಾಕಿಸಿಕೊಂಡೇ ಇದ್ದ, ಇಳಿಯುತ್ತಲೇ ಇದ್ದ. ಕೊನೆಗೆ ಕೆಲಸ ಬಿಟ್ಟ. ಒಂದು ಭಾನುವಾರ ಬಸ್ಸು ಹತ್ತಿ ಮಾಕಳಿಗೆ ನೋಡಲು ಹೋದೆ. ಮನೆ ಮುಂದಿನ ಜಗಲಿಯ ಮೇಲೆ ಎರಡೂ ಕೈಯನ್ನು ಮಂಡಿಗೆ ಊರಿಕೊಂಡು ಕೂತಿದ್ದ. ಉಸಿರು ಎಳೆದಾಗ ಭುಜ ಕಿವಿಯ ತನಕ ಏರುತ್ತಿತ್ತು.

“ನಮ್ಮನೇಲಿ ಯಾರ್ಗೂ ಟಿ.ಬಿ. ಇಲ್ಲ ಬಸ್ರಾಜ. ಎಡ್ತಿಗಿಲ್ಲ, ಮಕ್ಳಿಗಿಲ್ಲ. ನಂಗೊಬ್ಬಂಗೇ ಎಂಗ್ ಬಂತು?” ಎಂದ. ಮಾತಿನ ನಡುವೆ ನಿಂತು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. “ನೀನು ಆ ರೂಮ್ ಬುಟ್ಬುಡು. ಸ್ಟೋರ್‌ಗೋ ಗೇಟ್‌ಗೋ ಆಕ್ಸ್ಕೋ. ನಿಂಗೂ ಇಂಗೆ ಆಗೋದ್ ಬ್ಯಾಡ.”

ನಾನು ಹೂಂ ಎಂದೆ. ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನನ್ನ ಉಸಿರನ್ನೇ ಕೇಳಿಸಿಕೊಳ್ಳುತ್ತಾ ಬಂದೆ. ಎರಡು ತಿಂಗಳಿಗೆ ಅವನು ತೀರಿಕೊಂಡ ಸುದ್ದಿ ಬಂತು. ನಾನೂ ನೀಲಾಳೂ ಮಣ್ಣಿಗೆ ಹೋಗಿ ಬಂದೆವು. ಆಗಲೂ ನಾನು ಮರಳು ರೂಮಿನ ಕೆಲಸದಲ್ಲೇ ಇದ್ದೆ. ಬೇರೆ ಕೆಲಸಕ್ಕೆ ಹಾಕಿ ಎಂದು ಕೇಳಿದರೆ ‘ಯಾಕೆ, ಏನಾಗಿದೆ?’ ಎನ್ನುತ್ತಾರೆ. ಏನೋ ಆಗಿದೆ ಎಂದರೆ ಕೆಲಸದಿಂದಲೇ ತೆಗೆಯುತ್ತಾರೆ ಎಂಬುದು ಕಾರ್ಖಾನೆಯ ಪ್ರತಿಯೊಬ್ಬನಿಗೂ ಗೊತ್ತಿದ್ದ ಮಾತು.

ನನಗೆ ಏನೋ ಆಗಿದೆ ಎಂದು ಮೊದಲು ತಿಳಿದದ್ದು ಯಶವಂತಪುರ ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲ ಮೇಲೆ. ವಾರಕ್ಕೊಮ್ಮೆ ಹಳಿಯಾಚೆಯ ಸಂತೆಗೆ ನಾನೂ ನೀಲಾಳೂ ಹೋಗುತ್ತಿದ್ದೆವು. ಒಂದು ದಿನ ಮೆಟ್ಟಿಲ ನಡುವೆ ಎದೆಯೊಳಗೆ ಯಾರೋ ಹಗ್ಗ ಎಳೆದು ಗಂಟು ಹಾಕಿದಂತಾಯಿತು. ನಿಂತುಬಿಟ್ಟೆ. ನೀಲಾ ತಿರುಗಿ ನೋಡಿದಳು. ನಾನು ಕಂಬಿ ಹಿಡಿದು ಕೆಳಗೆ ನೋಡುತ್ತಾ, “ಗೂಡ್ಸ್ ಗಾಡಿ ಎಷ್ಟ್ ಉದ್ದ ಐತಿ ನೋಡು” ಎಂದೆ. ಅವಳೂ ನಿಂತು ನೋಡಿದಳು. ಮುಂದಿನ ವಾರವೂ ಅದೇ ಜಾಗದಲ್ಲಿ ರೈಲು ನೋಡಿದೆವು. ಬರಬರುತ್ತಾ ನನಗೆ ರೈಲಿನ ಹುಚ್ಚು ಎಂದೇ ಮನೆಯಲ್ಲಿ ಹೆಸರಾಯಿತು. ಗೀತಾ ತನ್ನ ಗೆಳತಿಯರಿಗೆ, “ನಮ್ಮಪ್ಪಂಗೆ ಟ್ರೈನ್ ಅಂದ್ರೆ ಪ್ರಾಣ ಕಣೇ” ಎನ್ನುತ್ತಿದ್ದಳು.

ಕೆಮ್ಮು ಬಂದ ಮೇಲೆ ಡಿಸ್ಪೆನ್ಸರಿಗೆ ಹೋಗಲೇಬೇಕಾಯಿತು. ಅಲ್ಲಿ ನನಗೂ ಟಿ.ಬಿ. ಎಂದರು. ಮುನಿಯಪ್ಪಣ್ಣನಿಗೆ ಅಂದ ಅದೇ ಮಾತು, ಅದೇ ಬಿಳಿ ಚೀಟಿ. ಚೀಟಿ ಜೇಬಿನಲ್ಲಿಟ್ಟುಕೊಂಡು ಮತ್ತಿಕೆರೆಯ ತನಕ ನಡೆದೇ ಬಂದೆ, ಬಸ್ಸಿನಲ್ಲಿ ಜನರ ಪಕ್ಕ ಕೂರಲು ಧೈರ್ಯವಾಗಲಿಲ್ಲ. ಮನೆಯಲ್ಲಿ ನನಗೊಂದು ಬೇರೆ ತಟ್ಟೆ, ಬೇರೆ ಲೋಟ ಬಂತು. ಮನೆ ಮಾಲೀಕರಾದ ರತ್ನಮ್ಮನವರು ಬಾಗಿಲಲ್ಲೇ ನಿಂತು, “ಬೇಜಾರ್ ಮಾಡ್ಕೋಬೇಡಿ ನೀಲಮ್ಮ, ನಲ್ಲೀಲಿ ನೀವು ಕೊನೇಲಿ ನೀರ್ ಹಿಡ್ಕೊಳ್ಳಿ. ಮಗೂನ ಮಾತ್ರ ನಮ್ಮನೇಲಿ ಮಲಗ್ಸಿ, ನಮ್ ಹುಡ್ಗೀರ್ ಜೊತೆ” ಎಂದರು. ಮೊದಲ ಮಾತಿಗೆ ನನಗೆ ಸಿಟ್ಟು ಬಂತು, ಎರಡನೆಯದಕ್ಕೆ ಅಳು ಬಂತು. ಗೀತಾ ಹಾಸಿಗೆ ಸುತ್ತಿಕೊಂಡು ಅವರ ಮನೆಗೆ ಹೋದಳು. ದಿನಾ ಸಂಜೆ ಹೊಸಿಲಾಚೆ ನಿಂತು ನನಗೆ ಪಾಠ ಒಪ್ಪಿಸುತ್ತಿದ್ದಳು.

ಇಂಜೆಕ್ಷನ್ನಿನಿಂದ ಕಿವಿ ಗುಂಯ್‌ಗುಡುತ್ತಿತ್ತು, ಉಸಿರು ಮಾತ್ರ ಹಾಗೇ ಇತ್ತು. ಕೊನೆಗೆ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಹೊರರೋಗಿಗಳ ಸಾಲಿನಲ್ಲಿ ಉದ್ದನೆಯ ಮರದ ಬೆಂಚು. ಮುಂದಿನವನು ಒಳಗೆ ಹೋದಂತೆಲ್ಲ ಎಲ್ಲರೂ ಕೂತಲ್ಲೇ ಸರಿದುಕೊಳ್ಳಬೇಕು. ಸರಿದು ಸರಿದು ಆ ಬೆಂಚು ನುಣ್ಣಗಾಗಿತ್ತು. ನಾನು ನನ್ನ ಸರದಿ ಬಂದಂತೆಲ್ಲ ಹಿಂದಿನವರಿಗೆ “ನೀವು ಮುಂದ ಹೋಗ್ರಿ, ನಂದೇನ್ ಅವಸರ ಇಲ್ರಿ” ಎಂದು ಜಾಗ ಬಿಡುತ್ತಿದ್ದೆ. ಜನ ನನ್ನನ್ನು ಬಹಳ ಒಳ್ಳೆಯವನು ಎಂದುಕೊಂಡರು. ಹೆದರಿಕೆಗೆ ಹೀಗೂ ಒಂದು ಒಳ್ಳೆಯ ಹೆಸರು ಸಿಗುತ್ತದೆ. ಅಲ್ಲಿನ ಆಯಾ ಒಬ್ಬಳು ಇದನ್ನು ನೋಡಿ ನೋಡಿ, ಒಂದು ಲೋಟ ಬಿಸಿನೀರು ತಂದುಕೊಟ್ಟು, “ಕುಡ್ದು ಒಳಗ್ ಓಗಣ್ಣ. ಇಲ್ಲೇ ಕುಂತಿದ್ರೆ ಕಾಯ್ಲೆ ಕಮ್ಮಿ ಆಗ್ತದಾ?” ಎಂದಳು. ಅವಳ ಮುಖ ಈಗ ನೆನಪಿಲ್ಲ, ಆ ನೀರಿನ ಬಿಸಿ ನೆನಪಿದೆ.

ಒಳಗೆ ಇದ್ದವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ ಲೇಡಿ ಡಾಕ್ಟರು. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಏನ್ ಕೆಲ್ಸ ಮಾಡ್ತೀರಿ?”

“ಫ್ಯಾಕ್ಟರಿ ರೀ.”

“ಫ್ಯಾಕ್ಟರೀಲಿ ಏನ್ ಕೆಲ್ಸ?”

“ಮರಳು ಹೊಡಿತೀನ್ರಿ.”

ಅವರು ಎಕ್ಸ್‌ರೇಯನ್ನು ಕೆಳಗಿಟ್ಟರು. ಒಂದು ವರ್ಷದಿಂದ ನನ್ನನ್ನು ನೋಡಿದ ಡಾಕ್ಟರುಗಳಲ್ಲಿ ಈ ಪ್ರಶ್ನೆಯನ್ನು ಕೇಳಿದವರು ಇವರೊಬ್ಬರೇ. ಕಫದ ಪರೀಕ್ಷೆ ಮತ್ತೆ ಮತ್ತೆ ಮಾಡಿಸಿ, ಮೂರನೇ ವಾರ ಹೇಳಿದರು. ಇದು ಟಿ.ಬಿ. ಅಲ್ಲ. ಮರಳಿನ ಧೂಳು ಶ್ವಾಸಕೋಶದೊಳಗೆ ಕೂತು ಗಂಟು ಗಂಟಾಗಿದೆ. ಸಿಲಿಕೋಸಿಸ್ ಎಂದು ಅದರ ಹೆಸರು. “ಯಾರಿಗೂ ಅಂಟಲ್ಲ. ಮಗೂನ ಪಕ್ಕದಲ್ಲೇ ಮಲಗಿಸ್ಕೊಳ್ಳಿ” ಎಂದರು. ನಾನು ಎದ್ದು ಕೈಮುಗಿದೆ. “ಕೂತ್ಕೊಳ್ಳಿ, ಇನ್ನೂ ಮುಗಿದಿಲ್ಲ” ಎಂದರು. ಇದಕ್ಕೆ ಔಷಧಿ ಇಲ್ಲ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಇನ್ನು ಮೇಲೆ ಆ ರೂಮಿಗೆ ಕಾಲಿಟ್ಟರೆ ಬಹಳ ಬೇಗ ಹೆಚ್ಚಾಗುತ್ತದೆ.

ಮನೆಗೆ ಬಂದು ಮೊದಲರ್ಧ ಮಾತ್ರ ಹೇಳಿದೆ. ನೀಲಾ ನನ್ನ ಬೇರೆ ತಟ್ಟೆಯನ್ನು ಅಂದೇ ಹಳೇ ಪಾತ್ರೆಯವನಿಗೆ ಹಾಕಿದಳು. ಗೀತಾ ಹಾಸಿಗೆ ಹೊತ್ತು ಓಡಿಬಂದಳು. ಆ ಸಂತೋಷದ ನಡುವೆ ಉಳಿದರ್ಧವನ್ನು ಹೇಗೆ ಹೇಳುವುದು? ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಹೇಳಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎನ್ನುವ ಭಯ ನನಗಿತ್ತು.

ಡಾಕ್ಟರಮ್ಮನವರು ಕೊಟ್ಟ ಕಾಗದ ಹಿಡಿದು ಯೂನಿಯನ್ನಿನ ಕೋರ್ಟು ಕೆಲಸ ನೋಡುತ್ತಿದ್ದ ವಕೀಲ ಮೂರ್ತಿಗಳ ಹತ್ತಿರ ಹೋದೆ. ಆರ್.ಟಿ. ನಗರದಲ್ಲಿ ಅವರ ಮನೆ, ಮುಂದಿನ ಕೋಣೆಯೇ ಆಫೀಸು. ಅವರು ನನಗೆ ಹೇಳಿಕೊಟ್ಟಷ್ಟು ಕಾನೂನು ನನಗೆ ಗೊತ್ತು, ಹೆಚ್ಚಿಲ್ಲ.

“ನೋಡ್ರೀ ಬಸವರಾಜ್, ಕೆಲಸದಿಂದ ಬರೋ ರೋಗಗಳದ್ದು ಕಾನೂನಲ್ಲಿ ಒಂದು ಪಟ್ಟಿ ಇದೆ. ನಿಮ್ದು ಅದರಲ್ಲಿದೆ. ಪಟ್ಟೀಲಿರೋ ರೋಗ ಅಂಥ ಕೆಲಸದೋನಿಗೆ ಬಂದ್ರೆ, ಅದು ಕೆಲಸದಲ್ಲಾದ ಅಪಘಾತ ಅಂತ್ಲೇ ಲೆಕ್ಕ. ಅಲ್ಲೀವರೆಗೂ ನಾವು ಗೆದ್ದ ಹಾಗೇನೇ. ಆದ್ರೆ ರೋಗ ಇದ್ದ ಮಾತ್ರಕ್ಕೆ ‘ಅಶಕ್ತತೆ’ ಇದೆ ಅಂತಲ್ಲ.”

“ಅಶಕ್ತತೆ ಅಂದ್ರ ಏನ್ರಿ? ಉಬ್ಬಸ ಅಲ್ಲೇನ್ರಿ?”

“ಅಲ್ಲ. ಕಾನೂನಿಗೆ ನಿಮ್ಮ ಉಬ್ಬಸಾನೂ ಬೇಡ, ನೋವೂ ಬೇಡ. ನಾಳೆ ನೀವು ಕೆಲಸ ಕೇಳ್ಕೊಂಡು ಹೋಗಿ ನಿಂತ್ರೆ, ಮುಂಚೆ ಮಾಡ್ತಿದ್ದ ಯಾವ್ಯಾವ ಕೆಲಸ ಈಗ ನಿಮ್ಮ ಕೈಲಿ ಆಗಲ್ಲ? ಆ ‘ಆಗಲ್ಲ’ ಇದೆಯಲ್ಲ, ಅದೇ ಅಶಕ್ತತೆ. ದುಡಿಯೋ ಶಕ್ತೀಲಿ ಕಳೆದುಹೋದ ಭಾಗ. ಅದನ್ನ ಡಾಕ್ಟರ್‌ಗಳ ಬೋರ್ಡು ನೋಡಿ, ನೂರಕ್ಕೆ ಇಷ್ಟು ಅಂತ ಹೇಳ್ಬೇಕು. ಅವರು ಹೇಳಿದ್ರೆ ಫ್ಯಾಕ್ಟರಿಯೋರು ನಿಮ್ಮನ್ನ ಆ ರೂಮಿಂದ ತೆಗೀಲೇಬೇಕಾಗುತ್ತೆ, ನಾನು ತೆಗಿಸ್ತೀನಿ. ಹೇಳದಿದ್ರೆ ನೀವು ವಾಪಸ್ ಅಲ್ಲಿಗೇ.”

ಅರ್ಜಿಯಲ್ಲಿ ‘ಅಪಘಾತ ಸಂಭವಿಸಿದ ದಿನ ಮತ್ತು ಗಂಟೆ’ ಎಂಬ ಕಲಂ ಇತ್ತು. ನಾನು ಪೆನ್ನು ಹಿಡಿದು ಕೂತುಬಿಟ್ಟೆ. ಎಂಟು ವರ್ಷದ ಯಾವ ಗಂಟೆ ಬರೆಯಲಿ? ಪ್ರೆಸ್ ವಿಭಾಗದ ಸೆಲ್ವರಾಜನಿಗೆ ಎರಡು ಬೆರಳು ಹೋಗಿದ್ದವು. ಅವನಿಗೆ ದಿನ, ಗಂಟೆ, ನಿಮಿಷ ಎಲ್ಲ ಇತ್ತು. ಯಾವ ಬೆರಳಿಗೆ ಎಷ್ಟು ಎಂದು ಕಾನೂನಿನಲ್ಲೇ ಬರೆದಿಟ್ಟಿತ್ತು. ಯಾರೂ ಅವನನ್ನು ಏನೂ ಕೇಳಲಿಲ್ಲ, ಕೈ ಎತ್ತಿ ತೋರಿಸಿದ, ಮುಗಿಯಿತು. ಆ ದಿನಗಳಲ್ಲಿ ಕ್ಯಾಂಟೀನಿನಲ್ಲಿ ಅವನು ಮೂರು ಬೆರಳಿನಲ್ಲಿ ಟೀ ಲೋಟ ಹಿಡಿದದ್ದನ್ನು ಕಂಡು ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಪಟ್ಟದ್ದು ನಿಜ.

ಬೋರ್ಡಿನ ದಿನ ನೀಲಾ ನನಗೆ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ಹಾಕಿಸಿದಳು. ದೊಡ್ಡ ಡಾಕ್ಟರುಗಳ ಮುಂದೆ ಹೋಗುತ್ತಿರುವುದು, ನೆಟ್ಟಗೆ ಹೋಗಬೇಡವೇ? ಕ್ಷೌರ ಮಾಡಿಸಿಕೊಂಡೆ, ವಿಭೂತಿ ಹಚ್ಚಿಕೊಂಡೆ. ಮಹಡಿ ಹತ್ತಬೇಕಿತ್ತು, ಏದುಸಿರು ಬಿಡುತ್ತಾ ಒಳಗೆ ಹೋದರೆ ಮರ್ಯಾದೆಯಲ್ಲ ಎಂದು ಒಂದು ಗಂಟೆ ಮುಂಚೆಯೇ ಹೋಗಿ, ನಿಧಾನವಾಗಿ ಹತ್ತಿ, ಉಸಿರು ಸರಿಯಾಗುವ ತನಕ ಕಾರಿಡಾರಿನಲ್ಲಿ ಕೂತಿದ್ದೆ. ಹೆಸರು ಕೂಗಿದರು. ಮೇಜಿನ ಹಿಂದೆ ಮೂವರು. ನಡುವಿನವರು ಕಾಗದ ನೋಡುತ್ತಲೇ, “ಹೇಗಿದ್ದೀರಪ್ಪಾ?” ಎಂದರು.

“ಆರಾಮ ಅದೀನ್ರಿ ಸಾಹೇಬ್ರ.”

“ಕೆಲಸ ಮಾಡ್ತಾ ಇದೀರಾ?”

“ಹೌದ್ರಿ, ಮಾಡ್ತೀನ್ರಿ.” ರಜೆಯ ಮೇಲಿದ್ದೆ, ಆದರೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಎದೆಗೆ ಕೊಳವೆ ಇಟ್ಟು ನೋಡಿದರು, ಉಸಿರು ಎಳೆಯಲು ಹೇಳಿದರು. ನಾನು ಕೆಲಸಕ್ಕೆ ಸೇರುವಾಗಿನ ಪರೀಕ್ಷೆಯಲ್ಲಿ ನಿಂತಿದ್ದ ಹಾಗೆಯೇ ಎದೆಯುಬ್ಬಿಸಿ ನಿಂತೆ. ಸರಿ, ಹೋಗಿ ಎಂದರು. ಎಷ್ಟು ಬೇಗ ಮುಗಿಯಿತು ಎಂದು ಸಂತೋಷಪಟ್ಟುಕೊಂಡು ಮನೆಗೆ ಬಂದೆ.

ಒಂದೂವರೆ ತಿಂಗಳಿಗೆ ಕಾಗದ ಬಂತು. ರೋಗವಿರುವುದನ್ನು ಒಪ್ಪಿದ್ದರು. ಅಶಕ್ತತೆ ಇಲ್ಲ ಎಂದು ಬರೆದಿದ್ದರು. ಕಾರ್ಖಾನೆಗೆ ಆ ಕಾಗದದ ಪ್ರತಿ ನನಗಿಂತ ಮೊದಲೇ ತಲುಪಿತ್ತು. ಅಲ್ಲಿಯ ತನಕ ರಜೆಯ ಮೇಲಿದ್ದ ನನ್ನನ್ನು ಆಫೀಸಿಗೆ ಕರೆಸಿ, “ನೀನು ಫಿಟ್ ಅಂತ ಬೋರ್ಡೇ ಹೇಳಿದೆಯಲ್ಲಪ್ಪ. ಸೋಮವಾರದಿಂದ ನಿನ್ನ ಜಾಗಕ್ಕೆ ಹೋಗು” ಎಂದರು.

ಸೋಮವಾರ ಹೋದೆ. ಸೀರೆಯ ತುಂಡನ್ನು ಮೂಗಿಗೆ ಎರಡು ಸುತ್ತು ಸುತ್ತಿ ಮುಸುಕು ಹಾಕಿಕೊಂಡೆ. ಅದೇ ಕೋಣೆ, ಅದೇ ಪೈಪು. ಮೊದಲು ಅಲ್ಲಿ ಧೂಳು ಮಾತ್ರ ಇತ್ತು, ಈಗ ಧೂಳಿನೊಳಗೆ ಮುನಿಯಪ್ಪಣ್ಣ ಕೂತಿದ್ದ, ಎರಡೂ ಕೈ ಮಂಡಿಗೆ ಊರಿಕೊಂಡು. ಪೈಪು ತೆರೆದಾಗ ಉಸಿರು ಬಿಗಿಹಿಡಿದೆ. ಎಷ್ಟು ಹೊತ್ತು ಹಿಡಿಯಲು ಸಾಧ್ಯ? ತೆಗೆದುಕೊಂಡ ಒಂದೊಂದು ಉಸಿರಿಗೂ ಇದು ಒಳಗೇ ಉಳಿಯುವುದು, ಇದೂ ಒಳಗೇ ಉಳಿಯುವುದು ಎಂದು ಅನ್ನಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೊರಗೆ ಓಡಿಬಂದು ಗೋಡೆಯ ಬದಿಗೆ ವಾಂತಿ ಮಾಡಿಕೊಂಡೆ. ನೀಲಾಳಿಗೆ ಕ್ಯಾಂಟೀನಿನ ಸಾರು ಆಗಲಿಲ್ಲ ಎಂದೆ. ಹೀಗೆ ಒಂಬತ್ತು ದಿನ ಹೋದೆ. ಆಮೇಲೆ ಮತ್ತೆ ರಜೆ ಹಾಕಿ ಮೂರ್ತಿಗಳ ಮನೆಗೆ ಹೋದೆ.

ಅಷ್ಟರಲ್ಲಿ ಅವರು ಬೋರ್ಡಿನ ವರದಿಯ ನಕಲು ತರಿಸಿದ್ದರು. ಓದಿ ನನ್ನ ಕಡೆ ನೋಡಿದರು. ಅಷ್ಟು ಸಿಟ್ಟನ್ನು ಅವರ ಮುಖದಲ್ಲಿ ನಾನು ಕಂಡಿರಲಿಲ್ಲ.

“ರೀ, ಏನ್ರೀ ಹೇಳಿ ಬಂದ್ರಿ ಅಲ್ಲಿ? ‘ಯಾವ ತೊಂದರೆಯೂ ಇಲ್ಲ, ಕೆಲಸ ಮಾಡುತ್ತಿದ್ದೇನೆ ಎಂದು ಕಾರ್ಮಿಕನೇ ತಿಳಿಸಿರುತ್ತಾನೆ’ ಅಂತ ಬರ್ದಿದಾರಲ್ರೀ!”

“ಹಂಗಂದಿಲ್ರಿ ನಾನು! ಹೆಂಗದೀರಿ ಅಂದ್ರು, ಆರಾಮ ಅದೀನ್ರಿ ಅಂದೆ, ಅಷ್ಟ.”

ಮೂರ್ತಿಗಳು ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. ಆ ಒಂದು ಪದದ ಮೇಲೆ ನಾನು ವಾಪಸ್ಸು ಮರಳು ರೂಮಿಗೆ ಹೋಗಿದ್ದೆ. ನಮ್ಮ ಕಡೆ ಯಾರಾದರೂ ಹೆಂಗದೀರಿ ಎಂದರೆ ಆರಾಮ ಎನ್ನುವುದು ನಮಸ್ಕಾರಕ್ಕೆ ನಮಸ್ಕಾರ ಎಂದಂತೆ. ಕೇಳಿದವರಿಗೂ ಹೇಳಿದವರಿಗೂ ಅದು ಉತ್ತರವಲ್ಲ. ಮೇಲ್ಮನವಿ ಹಾಕಿದೆವು. ಮೂರ್ತಿಗಳು ನನ್ನನ್ನು ಎದುರಿಗೆ ಕೂರಿಸಿಕೊಂಡು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಂತೆ ಹೇಳಿಕೊಟ್ಟರು. ಹೇಗಿದ್ದೀರಿ ಎಂದರೆ ‘ಉಸಿರಾಟ ಕಷ್ಟ’ ಎನ್ನಬೇಕು. ಕೆಲಸ ಆಗುತ್ತದೆಯೇ ಎಂದರೆ ‘ಆಗುವುದಿಲ್ಲ’ ಎನ್ನಬೇಕು. “ಆರಾಮ್ ಅನ್ನೋ ಪದ ಬಾಯಿಂದ ಬಂತೋ, ನಾನು ಎದ್ದು ಹೊರಟ್ಹೋಗ್ತೀನಿ ನೋಡಿ” ಎಂದರು.

ವಿಚಾರಣೆಯ ದಿನ ನೀಲಾ ತಾನೂ ಬರುತ್ತೇನೆಂದು ಹೊರಟಳು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಫ್ಯಾಕ್ಟರಿಯ ಕಾಗದಪತ್ರದ ಕೆಲಸ ಎಂದಷ್ಟೇ ಹೇಳಿದ್ದೆ. ಅವಳನ್ನು ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಬಾಗಿಲು ಮುಚ್ಚಿರಲಿ ದೇವರೇ ಎಂದುಕೊಂಡು ಒಳಗೆ ಹೋದೆ. ಒಬ್ಬರು ವಯಸ್ಸಾದ ನ್ಯಾಯಾಧೀಶರು, ಪಕ್ಕದಲ್ಲಿ ಇಬ್ಬರು ಡಾಕ್ಟರುಗಳು, ಆ ಬದಿಗೆ ಫ್ಯಾಕ್ಟರಿಯ ಕಡೆಯ ಅಧಿಕಾರಿ. ಫ್ಯಾನು ತಿರುಗುತ್ತಿತ್ತು, ನನ್ನ ಅಂಗಿ ಮಾತ್ರ ಬೆನ್ನಿಗೆ ಅಂಟಿತ್ತು. ‘ಉಸಿರಾಟ ಕಷ್ಟ, ಉಸಿರಾಟ ಕಷ್ಟ’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ನ್ಯಾಯಾಧೀಶರು ಕಡತದಿಂದ ತಲೆಯೆತ್ತಿ, ಮನೆಗೆ ಬಂದ ನೆಂಟನನ್ನು ಕೇಳುವಂತೆ ಕೇಳಿದರು. “ಬನ್ನಿ ಬಸವರಾಜ್, ಕೂತ್ಕೊಳ್ಳಿ. ಹೇಗಿದ್ದೀರಿ?”

“ಆರಾಮ ಅದೀನ್ರಿ. ತಾವು ಆರಾಮ್ರೀ?”

ಬಾಯಿಂದ ಬಿದ್ದೇ ಹೋಯಿತು. ಅಧಿಕಾರಿ ಬಾಯಿಗೆ ಕರವಸ್ತ್ರ ಹಿಡಿದು ನಕ್ಕ. ಮೂರ್ತಿಗಳು ಎದ್ದು ಹೋಗಲಿಲ್ಲ, ಕಣ್ಣು ಮುಚ್ಚಿಕೊಂಡರು. ನನ್ನ ಕಿವಿಯೊಳಗೆ ಮರಳು ರೂಮಿನ ಪೈಪು ತೆರೆದ ಸದ್ದು ಕೇಳಿಸಿತು.

“ನಾನು ಆರಾಮಾಗೇ ಇದೀನಿ,” ಎಂದರು ನ್ಯಾಯಾಧೀಶರು. “ನೀವೂ ಆರಾಮಾಗಿದ್ರೆ ಅಪೀಲು ಯಾಕೆ ಹಾಕಿದ್ರಿ?”

“ಅದು ನಮ್ಮ ಕಡೆ ಹಂಗ ಅಂತೀವ್ರಿ ಸಾಹೇಬ್ರ. ರೂಢಿ ರೀ. ನಮ್ಮಪ್ಪ ಸಾಯೂ ದಿವಸ ಮುಂಜಾನೆನೂ ಆರಾಮ ಅದೀನಿ ಅಂದಿದ್ರಿ.”

ಈಗ ಯಾರೂ ನಗಲಿಲ್ಲ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. “ಹಾಗಾದ್ರೆ ಆರಾಮಿಲ್ಲ ಅಂತ ಯಾವಾಗ ಹೇಳ್ತೀರಿ ನೀವು?”

ನಾನು ಅದನ್ನು ಎಂದೂ ಯೋಚಿಸಿರಲಿಲ್ಲ. “ಅದನ್ನ ನಾವು ಹೇಳೂದಿಲ್ರಿ,” ಎಂದೆ. “ಮನ್ಯಾಗಿನವ್ರು ಹೇಳೂದ್ರಿ. ಅವರಿಗೆ ಆರಾಮಿಲ್ಲ ಅಂತ.”

“ಮನೆಯವರು ಯಾರಾದ್ರೂ ಬಂದಿದಾರಾ?”

ಬಂದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೂರ್ತಿಗಳು ಎದ್ದು, “ಅವರ ಶ್ರೀಮತಿ ಹೊರಗಿದಾರೆ ಸಾರ್” ಎಂದಾಗಿತ್ತು. ಜವಾನ ಹೋಗಿ ನೀಲಾಳನ್ನು ಕರೆತಂದ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಹತ್ತಿರವೇ ನಿಂತಳು. ಅವಳಿಗೆ ನಾನು ಏನೂ ಹೇಳಿಲ್ಲ. ಅವಳ ಮಟ್ಟಿಗೆ ನನಗೆ ಟಿ.ಬಿ. ಇಲ್ಲ, ಅಷ್ಟೇ. ಜೊತೆಗೆ ಅವಳೂ ನಮ್ಮ ಕಡೆಯವಳು, ಪರರ ಮುಂದೆ ಗಂಡನ ವಿಷಯ ಕೇಳಿದರೆ ಆರಾಮ ಎಂದೇ ಹೇಳುವವಳು. ಅಲ್ಲಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ.

“ನಿಮ್ಮ ಯಜಮಾನ್ರು ಹೇಗಿದಾರಮ್ಮ?” ಎಂದರು ನ್ಯಾಯಾಧೀಶರು.

ಅವಳು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

“ಆರಾಮಿಲ್ರೀ,” ಎಂದಳು.

ನಾನು ತಲೆಯೆತ್ತಿದೆ. ಅವಳು ಈಗ ನನ್ನನ್ನು ನೋಡುತ್ತಿರಲಿಲ್ಲ.

“ಯಶವಂತಪುರದ ಬ್ರಿಜ್ ಹತ್ತೂವಾಗ ನಡುವ ರೈಲು ನೋಡಾಕ ನಿಲ್ತಾರ್ರಿ. ಅಲ್ಲಿ ರೈಲು ಇರೂದಿಲ್ರಿ. ಒಮ್ಮೊಮ್ಮೆ ಇರ್ತೈತಿ, ಒಮ್ಮೊಮ್ಮೆ ಇರೂದಿಲ್ಲ. ಆದ್ರೂ ನೋಡ್ತಾರ. ಮೊದಲು ಇಪ್ಪತ್ತೆರಡು ಮೆಟ್ಟಿಲಿಗೆ ನಿಲ್ತಿದ್ರು. ಹ್ವಾದ ದೀಪಾವಳಿಯಾಗ ಹದಿನೆಂಟಕ್ಕ ನಿಂತ್ರು. ಈಗ ಹದಿಮೂರಕ್ಕ ರೀ.” ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. “ರೊಟ್ಟಿ ಮುರುದು ಬಾಯಾಗ ಇಟ್ಕೊಂಡ್ರ, ನುಂಗೂಕಿಂತ ಮೊದಲ ಉಸಿರು ತಗೋತಾರ್ರಿ. ಮಗಳನ್ನ ಎತ್ತಿಕೊಳ್ಳೂದು ಬಿಟ್ಟಾರ. ಫ್ಯಾಕ್ಟರಿಗೆ ತಿರುಗಿ ಹೋದ ಒಂಬತ್ತು ದಿವಸ ಅಂಗೀ ತೊಳಿಯೂವಾಗ ವಾಂತಿ ವಾಸನಿ ಬರ್ತಿತ್ರಿ. ನಾ ಏನೂ ಕೇಳಿಲ್ಲ.”

ಒಬ್ಬ ಡಾಕ್ಟರು ಮುಂದಕ್ಕೆ ಬಾಗಿ, ಮೆಟ್ಟಿಲಿನ ಲೆಕ್ಕವನ್ನು ಮತ್ತೊಮ್ಮೆ ಹೇಳಿಸಿ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಈ ಕಟ್ಟಡದ ಮೆಟ್ಟಿಲನ್ನು ಈಗಲೇ ಇಳಿದು ಹತ್ತಿಕೊಂಡು ಬನ್ನಿ ಎಂದರು. ಈ ಬಾರಿ ನಾನು ನಿಧಾನ ಮಾಡಲಿಲ್ಲ, ಕಾರಿಡಾರಿನಲ್ಲಿ ಕೂರಲಿಲ್ಲ. ಏದುಸಿರು ಬಿಡುತ್ತಾ, ಗೋಡೆ ಹಿಡಿದುಕೊಂಡು, ಬೆವರು ಒರೆಸಿಕೊಳ್ಳದೆ ಒಳಗೆ ಬಂದು ನಿಂತೆ. ನೀಲಾ ಬಾಯಿಗೆ ಸೆರಗು ಒತ್ತಿಕೊಂಡಳು.

“ಹೇಗಿದ್ದೀರಿ?” ಎಂದು ನ್ಯಾಯಾಧೀಶರು ಇನ್ನೊಮ್ಮೆ ಕೇಳಿದರು.

“ಆರಾಮಿಲ್ರೀ,” ಎಂದೆ. ಹೇಳಿ, ಅಷ್ಟು ಜನರ ಮುಂದೆ ಅತ್ತುಬಿಟ್ಟೆ.

ಹೊರಗೆ ಬಂದು ಬಸ್ ಸ್ಟಾಪಿನ ತನಕ ನಡೆದೆವು. ಅಲ್ಲಿ ಕಲ್ಲಿನ ಕಟ್ಟೆಯ ಮೇಲೆ ಕೂತ ಮೇಲೆ, “ಯಾವಾಗಿಂದ ಗೊತ್ತಿತ್ತು ನಿನಗ?” ಎಂದೆ.

“ಮುನಿಯಪ್ಪಣ್ಣನ ಮಣ್ಣಿಗೆ ಹೋದಾಗ ಅವರ ಹೆಂಡ್ತಿ ಹೇಳಿದ್ಲು, ಅವರು ಮೊದಮೊದಲು ನಿಂತು ನಿಂತು ನಡೀತಿದ್ರು ಅಂತ. ನೀವು ಬ್ರಿಜ್ ಮ್ಯಾಲ ಮೊದಲ ಸಲ ನಿಂತ ದಿವಸದಿಂದ ಎಣಸಾಕತ್ತೇನಿ.” ಆಮೇಲೆ, “ನೀವು ಆರಾಮ ಅಂದ್ರಿ. ನಾನೂ ಹೂಂ ಅಂದೆ. ನನಗೂ ಅಂಜಿಕಿ ಇತ್ರಿ” ಎಂದಳು. ಇಷ್ಟು ದಿನ ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದಂತೆ ಹೆದರಿಕೊಂಡಿದ್ದೆವು.

ತೀರ್ಪು ಬರಲು ಮತ್ತೆ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ಅಂಚೆಯವನ ಸೈಕಲ್ ಬೆಲ್ಲು ಕೇಳಿದರೆ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕೊನೆಗೆ ಬಂದ ಕಾಗದವನ್ನು ರತ್ನಮ್ಮನವರ ದೊಡ್ಡ ಮಗಳು ಓದಿ ಹೇಳಿದಳು. ಶಾಶ್ವತ ಭಾಗಶಃ ಅಶಕ್ತತೆ ಇದೆ. ನೂರಕ್ಕೆ ಮೂವತ್ತು. ಧೂಳಿನ ಕೆಲಸಕ್ಕೆ ಯೋಗ್ಯನಲ್ಲ. ವಠಾರದವರೆಲ್ಲ ಪರೀಕ್ಷೆ ಪಾಸಾದವನಿಗೆ ಹೇಳುವಂತೆ ಒಳ್ಳೇದಾಯ್ತು, ಒಳ್ಳೇದಾಯ್ತು ಎಂದರು. ‘ಶಾಶ್ವತ’ ಎನ್ನುವ ಪದದ ಮೇಲೆ ನನ್ನ ಮನಸ್ಸು ಸಿಕ್ಕಿಕೊಂಡಿತು. ಗೆದ್ದೆ ಎಂದರೆ ಇದೇ. ಇನ್ನು ನಾನು ಮೊದಲಿನಂತಾಗುವುದಿಲ್ಲ ಎಂದು ಸರಕಾರಿ ಮೊಹರಿನ ಕೆಳಗೆ ಬರೆಸಿಕೊಂಡಿದ್ದೆ.

ಈಗ ನಾನು ಟೂಲ್ ಸ್ಟೋರಿನಲ್ಲಿದ್ದೇನೆ. ಕಿಟಕಿಯ ಹಿಂದೆ ಸ್ಟೂಲಿನ ಮೇಲೆ ಕೂತು, ಕೆಲಸಗಾರನ ನಂಬರಿನ ಬಿಲ್ಲೆ ತೆಗೆದುಕೊಂಡು ಸ್ಪಾನರು, ಡ್ರಿಲ್ ಬಿಟ್‌ಗಳನ್ನು ಕೊಡುವ ಕೆಲಸ. ಮೂರ್ತಿಗಳು ಹಟ ಹಿಡಿದು ಮರಳು ರೂಮಿಗೆ ಗಾಳಿ ಎಳೆಯುವ ಫ್ಯಾನು ಹಾಕಿಸಿದ್ದಾರೆ, ಅರ್ಧ ದಿನ ಅದು ಕೆಟ್ಟಿರುತ್ತದೆ. ಅಲ್ಲಿಗೆ ಈಗ ಹೋಗುವವರಲ್ಲಿ ಒಬ್ಬರು ವಿಜಾಪುರದ ಕಡೆಯವರು. ಕಿಟಕಿಗೆ ಬಂದಾಗಲೆಲ್ಲ ಹೆಂಗದೀರಿ ಎನ್ನುತ್ತೇನೆ. ಆರಾಮ ಅದೀನ್ರಿ ಎನ್ನುತ್ತಾರೆ. ನಾನು ಸಾಮಾನು ಕೊಡದೆ ಕೈಯಲ್ಲೇ ಹಿಡಿದುಕೊಂಡು ಎರಡನೇ ಸಲ ಕೇಳುತ್ತೇನೆ. ನನ್ನದು ಸ್ವಲ್ಪ ತಲೆ ಕೆಟ್ಟಿದೆ ಎಂದು ಅವರು ತಿಳಿದಿದ್ದಾರೆ. ಕಳೆದ ತಿಂಗಳು ಅವರನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದೆ, ಬೆಂಚಿನ ಮೇಲೆ ಪಕ್ಕದಲ್ಲೇ ಕೂತಿದ್ದೆ.

ಹೆದರಿಕೆ ಹೋಗಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಮೊದಲು ಒಂದು ಉಸಿರು ಎಳೆದು, ನಿನ್ನೆಯಷ್ಟೇ ಒಳಗೆ ಹೋಯಿತೇ ಎಂದು ನೋಡಿಕೊಂಡೇ ಕಣ್ಣು ಬಿಡುತ್ತೇನೆ. ಬದಲಾದದ್ದು ಇಷ್ಟೇ, ನೀಲಾ ಹಾಸಿಗೆಯಲ್ಲೇ ಮಗ್ಗುಲಾಗಿ, “ಹೆಂಗೈತ್ರಿ?” ಎನ್ನುತ್ತಾಳೆ, ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಮೊನ್ನೆ ಭಾನುವಾರ ಸಂತೆಗೆ ಹೊರಟಿದ್ದೆವು. ಚೀಲ ಅವಳ ಕೈಯಲ್ಲಿತ್ತು. ಸೇತುವೆಯ ಮೆಟ್ಟಿಲು ಹತ್ತುತ್ತಾ ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ, ಅವಳೂ ಎಣಿಸುತ್ತಿದ್ದಳು ಎಂದು ಕಾಣುತ್ತದೆ. ಹನ್ನೊಂದಕ್ಕೆ ನನ್ನ ಎದೆ ಬಿಗಿಯಿತು. ಹದಿಮೂರರ ತನಕ ಹೇಗಾದರೂ ಹೋಗಿಬಿಡಬೇಕೆಂದು ಹಲ್ಲು ಕಚ್ಚಿದೆ. ಅಷ್ಟರಲ್ಲಿ ನೀಲಾ ತಾನೇ ನಿಂತಳು. ಚೀಲ ಕೆಳಗಿಟ್ಟು, ಕಂಬಿಗೆ ಒರಗಿ, ಕೆಳಗೆ ನೋಡುತ್ತಾ, “ನಿಲ್ರಿ, ರೈಲು ನೋಡೂಣು” ಎಂದಳು.

ಎರಡೂ ಕಡೆಯ ಹಳಿ ಖಾಲಿಯಿತ್ತು. ನಾವು ನಿಂತು ನೋಡಿದೆವು.